ಹಳೆ ಬ್ರೋಚ್, ಮಣಿ, ಎಪಾಕ್ಸಿ ಕ್ಲೇ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಬ್ರೋಚನ್ನು (ಬಟ್ಟೆಗೆ ಪಿನ್ನಿನಿಂದ ಸಿಕ್ಕಿಸುವ ಒಡವೆ) ಎಪಾಕ್ಸಿ ಕ್ಲೇಯಲ್ಲಿ (ಕಲಸಿದರೆ ತಾನಾಗಿ ಗಟ್ಟಿಯಾಗುವ ಅಂಟುಮಣ್ಣು) ಕೂರಿಸಿ, ಸುತ್ತ ಮಣಿ ಒತ್ತಿ ಪದಕ, ಕಡಗ, ಓಲೆ ಮಾಡುವವರು ಕೇಳುವ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು, ಕೆಲವು ಫೋನಿನಲ್ಲಿ. ಮದುವೆ ಮನೆಯಲ್ಲಿ ಕತ್ತಿನ ಪದಕ ಹಿಡಿದು ನೋಡುತ್ತಲೇ ಕೇಳಿದವೂ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಕ್ಲೇ ಕಲಸುವುದು ಕೊನೆಗೆ. ಕಲಸಿದ ಮೇಲೆ ಸಮಯ ಇರುವುದಿಲ್ಲ, ಗಟ್ಟಿಯಾದ ಮೇಲೆ ಬಿಚ್ಚಲು ಬರುವುದಿಲ್ಲ. ಯೋಚನೆ, ಜೋಡಣೆ, ಬದಲಾವಣೆ ಎಲ್ಲ ಅದಕ್ಕೂ ಮುಂಚೆ ಮುಗಿದಿರಬೇಕು.

### ಶುರು ಮಾಡುವ ಮುಂಚೆ

ಎಪಾಕ್ಸಿ ಕ್ಲೇ ಅಂದ್ರೆ ಪೈಪ್ ಸೋರಿದ್ರೆ ಹಚ್ತೀವಲ್ಲ, ಆ ಎಂ-ಸೀಲೇ ತಾನೆ?

ಜಾತಿ ಒಂದೇ, ಸ್ವಭಾವ ಬೇರೆ. ಎರಡರಲ್ಲೂ ಎರಡು ಭಾಗ ಇರುತ್ತದೆ: ಒಂದು ರೆಸಿನ್, ಇನ್ನೊಂದು ಹಾರ್ಡನರ್. ಎರಡನ್ನೂ ಸೇರಿಸಿ ನಾದಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಒಲೆ ಬೇಡ, ಬಿಸಿಲೂ ಬೇಡ.

ಆದರೆ ಎಂ-ಸೀಲ್ ಮಾಡಿರುವುದು ಸೋರುವುದನ್ನು ಬೇಗ ನಿಲ್ಲಿಸಲು. ನೀವು ಒಂದು ಸಾಲು ಮಣಿ ಕೂರಿಸುವಷ್ಟರಲ್ಲಿ ಅದು ಬಿಗಿಯಲು ಶುರುವಾಗಿರುತ್ತದೆ. ಕಲೆಗೆಂದೇ ಬರುವ ಕ್ಲೇ ನಿಧಾನ, ನುಣುಪೂ ಜಾಸ್ತಿ. ನಮ್ಮ ಅಂಗಡಿಗಳಲ್ಲಿ ಫೆವಿಕ್ರಿಲ್‌ನವರ ಮೌಲ್ಡಿಟ್ ಸಿಗುತ್ತದೆ. ಅಮೆರಿಕದಲ್ಲಿರುವವರು ಏವ್ಸ್ ಕಂಪನಿಯ ಅಪಾಕ್ಸಿ ಸ್ಕಲ್ಪ್ಟ್ ಬಳಸುತ್ತಾರೆ, ಬ್ರಿಟನ್ನಿನವರು ಮಿಲಿಪುಟ್. ಉಗುರಿನಷ್ಟು ಚಿಕ್ಕ ರಿಪೇರಿಗೆ ಎಂ-ಸೀಲ್ ಸಾಕು. ಪದಕಕ್ಕೆ ಬೇಡ.

ಈ ಉಪಾಯ ನಮಗೆ ಪೂರ್ತಿ ಹೊಸದೇನಲ್ಲ. ಕುಂದಣದ ಕೆಲಸದಲ್ಲಿ ಒಡವೆಯ ಟೊಳ್ಳಿಗೆ ಅರಗು ತುಂಬಿ ಅದರ ಮೇಲೆ ಹರಳು ಕೂರಿಸುತ್ತಾರಲ್ಲ, ಇಲ್ಲಿ ಆ ಅರಗಿನ ಜಾಗದಲ್ಲಿ ಎಪಾಕ್ಸಿ ಬಂದಿದೆ. ಒಂದೇ ವ್ಯತ್ಯಾಸ, ಆದರೆ ದೊಡ್ಡದು: ಅರಗು ಬಿಸಿಗೆ ಕರಗುತ್ತದೆ, ಹರಳು ಬಿಡಿಸಿ ಮತ್ತೆ ಕೂರಿಸಬಹುದು. ಎಪಾಕ್ಸಿ ಕರಗುವುದಿಲ್ಲ.

ಪಾಲಿಮರ್ ಕ್ಲೇ ಮನೇಲಿದೆ, ಏರ್ ಡ್ರೈ ಕ್ಲೇನೂ ಇದೆ. ಅದರಲ್ಲೇ ಮಾಡಿದ್ರೆ ಆಗಲ್ವಾ?

ಪಾಲಿಮರ್ ಕ್ಲೇಯನ್ನು ಓವನ್ನಿನಲ್ಲಿ ಸುಮಾರು 130 ಡಿಗ್ರಿಯಲ್ಲಿ ಬೇಯಿಸಬೇಕು. ಹಳೆ ಬ್ರೋಚಿನ ಅಂಟು, ಪ್ಲಾಸ್ಟಿಕ್ ಮುತ್ತು, ಹರಳಿನ ಹಿಂದಿನ ಫಾಯಿಲ್ (ಹೊಳೆಯುವ ತೆಳು ಲೋಹದ ಪದರ) ಇವೆಲ್ಲ ಆ ಬಿಸಿಯನ್ನು ತಡೆಯುತ್ತವೆ ಅನ್ನುವ ಭರವಸೆ ಇಲ್ಲ. ಮೇಲಾಗಿ ಪಾಲಿಮರ್ ಕ್ಲೇ ಲೋಹಕ್ಕೆ ಅಂಟುವುದಿಲ್ಲ, ಸುಮ್ನೆ ಕೂತಿರುತ್ತದೆ.

ಏರ್ ಡ್ರೈ ಕ್ಲೇ ಒಣಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಮಣಿಯ ಸುತ್ತ ಸಂದು ಬಿಡುತ್ತದೆ, ಮಣಿ ಉದುರುತ್ತದೆ. ನೀರು ತಾಗಿದರೆ ಮೆತ್ತಗಾಗುವುದು ಬೇರೆ. ಎಪಾಕ್ಸಿ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಲೋಹ, ಗಾಜು, ಮರ ಎಲ್ಲಕ್ಕೂ ಅಂಟುತ್ತದೆ.

ಏನೇನು ಸಾಮಾನು ತಗೊಳ್ಳಲಿ?

ಕಡಿಮೆಯೇ ಸಾಕು. ಕ್ಲೇ, ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು, ಒಂದು ಚಿಮಟ, ಚಿಕ್ಕ ಇಕ್ಕಳ, ವೈರ್ ಕಟರ್, ಹಲ್ಲುಕಡ್ಡಿ, ಕಿವಿಗೆ ಬಳಸುವ ಹತ್ತಿಕಡ್ಡಿ, ಮೆಡಿಕಲ್ ಶಾಪಿನ ಸ್ಪಿರಿಟ್, ಬಟರ್ ಪೇಪರ್. ಹರಳು ಎತ್ತಲು ಹಲ್ಲುಕಡ್ಡಿಯ ತುದಿಗೆ ಸ್ವಲ್ಪ ಜೇನುಮೇಣ ಮೆತ್ತಿಕೊಳ್ಳಿ. ಚಿಮಟಕ್ಕಿಂತ ಅದೇ ವಾಸಿ. ಹರಳು ಹಾರಿ ಸೋಫಾ ಕೆಳಗೆ ಸೇರುವುದಿಲ್ಲ.

ಕ್ಲೇ ಕೂರಿಸಲು ಒಂದು ತಟ್ಟೆ ಬೇಕು, ಅಂಚಿರುವ ಪದಕದ ಬೇಸ್. ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆಯ ಒಡವೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಕೆಟ್ಟ ಕೈಗಡಿಯಾರದ ಕೇಸ್ ಬಳಸಿ. ಅಂಚು, ಆಳ, ಪಟ್ಟಿ ಹಾಕುವ ಕಿವಿ ಎಲ್ಲ ತಯಾರಾಗೇ ಇರುತ್ತದೆ. ಅಡುಗೆಮನೆಯ ಲಟ್ಟಣಿಗೆ, ಚಾಕು, ತಟ್ಟೆ ಮಾತ್ರ ಮುಟ್ಟಬೇಡಿ. ಒಮ್ಮೆ ಎಪಾಕ್ಸಿಗೆ ಬಳಸಿದ್ದು ಮತ್ತೆ ಅಡುಗೆಗೆ ಹೋಗಬಾರದು.

### ಬ್ರೋಚ್ ಕೈಗೆ ಬಂದಾಗ

ಹಳೆ ಬ್ರೋಚ್ ಎಲ್ಲಿ ಸಿಗುತ್ತೆ? ನಮ್ಮಲ್ಲಿ ಯಾರೂ ಹಾಕೋದೇ ಇಲ್ವಲ್ಲ?

ಹಾಕುತ್ತಿದ್ದರು. ರವಿಕೆ ತೊಟ್ಟು, ಸೆರಗನ್ನು ಭುಜಕ್ಕೆ ಬ್ರೋಚಿನಿಂದ ಸಿಕ್ಕಿಸುವ ರೂಢಿ 19ನೇ ಶತಮಾನದ ಕೊನೆಯ ಹೊತ್ತಿಗೆ ಬಂಗಾಳದ ಬ್ರಾಹ್ಮಸಮಾಜದ ಮನೆಗಳಲ್ಲಿ ಹಬ್ಬಿತು. ಅದಕ್ಕೆ ದಾರಿ ಮಾಡಿದವರು ಠಾಕೂರ್ ಮನೆತನದ ಜ್ಞಾನದಾನಂದಿನಿ ದೇವಿ. ಆಮೇಲೆ ಎಲ್ಲ ಕಡೆಯ ಓದಿದ ಹೆಂಗಸರ ಹಳೆ ಫೋಟೊಗಳಲ್ಲೂ ಅದು ಕಾಣುತ್ತದೆ. ಕೊಡಗಿನಲ್ಲಿ ಸೆರಗನ್ನು ಬಲ ಭುಜದ ಮೇಲೆ ತಂದು ಬ್ರೋಚ್ ಹಾಕುವುದು ಇವತ್ತಿಗೂ ಇದೆ. ಅಜ್ಜಿಯ, ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಹುಡುಕಿ. ಗಿಲೀಟು ಹೋದದ್ದು, ಹರಳು ಉದುರಿದ್ದು ಒಂದಾದರೂ ಸಿಗುತ್ತದೆ.

ರಾಶಿಗಟ್ಟಲೆ ಬೇಕೆಂದರೆ ಅಮೆರಿಕ, ಇಂಗ್ಲೆಂಡ್ ಕಡೆಯೇ. ಅಲ್ಲಿ 20ನೇ ಶತಮಾನದ ಬಹುಪಾಲು ಬ್ರೋಚ್ ದಿನಬಳಕೆಯ ಒಡವೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರು ಅಗ್ಗದ ಒಡವೆಗಳ ಕಾರ್ಖಾನೆಗಳಿಗೇ ಹೆಸರಾಗಿತ್ತು. ಈಗ ಅವೆಲ್ಲ ಹಳೆ ಸಾಮಾನು ಮಾರುವ ಥ್ರಿಫ್ಟ್ ಸ್ಟೋರ್, ಎಸ್ಟೇಟ್ ಸೇಲ್, ಚಾರಿಟಿ ಶಾಪ್‌ಗಳಿಗೆ ಬರುತ್ತವೆ. ಒಂಟಿ ಓಲೆ, ಮುರಿದ ಬ್ರೋಚ್ ಎಲ್ಲ ಸೇರಿಸಿ ಒಂದು ಚೀಲವಾಗಿ ಮಾರುತ್ತಾರೆ. ಅಲ್ಲಿರುವ ನೆಂಟರಿಗೆ ಹೇಳಿ, ಚಾಕೊಲೇಟ್ ಬದಲು ಇದನ್ನು ತರಲಿ.

ಅಜ್ಜಿದು ಒಂದು ಬ್ರೋಚ್ ಇದೆ. ಬಳಸಲಾ, ಬೇಡ್ವಾ?

ಪಿನ್ ಸರಿಯಿದೆ, ಹರಳೆಲ್ಲ ಇದೆ ಅಂದರೆ ಬೇಡ. ಹಾಗೇ ಹಾಕಿಕೊಳ್ಳಿ. ಈ ಕೆಲಸ ಮುರಿದದ್ದಕ್ಕೆ, ಜೋಡಿ ತಪ್ಪಿದ್ದಕ್ಕೆ. ಸರಿಯಿರುವುದನ್ನು ಒಡೆದು ಮಾಡಿದ ಪದಕ ಎಷ್ಟು ಚೆನ್ನಾಗಿದ್ದರೂ ನನಗೆ ಸಮಾಧಾನ ಆಗುವುದಿಲ್ಲ.

ಮುರಿದಿದ್ದರೂ ಮೊದಲು ಹಿಂಬದಿ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಪಿನ್ ಸುಮ್ನೆ ಒಂದು ಬಾಗಿದ ಕೊಕ್ಕೆಗೆ ಸಿಕ್ಕಿಕೊಂಡು, ಮೇಲೆ ಬೀಗ ಇಲ್ಲದಿದ್ದರೆ, ತುದಿ ಬ್ರೋಚಿನ ಅಂಚು ದಾಟಿ ಹೊರಗೆ ಬಂದಿದ್ದರೆ, ಅದು 20ನೇ ಶತಮಾನದ ಶುರುವಿನದ್ದೋ ಅದಕ್ಕೂ ಹಳೆಯದ್ದೋ ಇರಬಹುದು. ಕಂಪನಿಯ ಹೆಸರಿನ ಪಕ್ಕ ಸುತ್ತು ಹಾಕಿದ ಸಿ ಗುರುತಿದ್ದರೆ ಸಾಮಾನ್ಯವಾಗಿ 1955ರ ನಂತರದ್ದು. ಆ ವರ್ಷ ಟ್ರೈಫಾರಿ ಎಂಬ ಒಡವೆ ಕಂಪನಿ ಹಾಕಿದ್ದ ಕೇಸಿನಲ್ಲಿ ಅಗ್ಗದ ಒಡವೆಯ ವಿನ್ಯಾಸಕ್ಕೂ ಕಾಪಿರೈಟ್ ಉಂಟು ಎಂದು ಅಮೆರಿಕದ ಕೋರ್ಟು ಹೇಳಿತು. ಆಮೇಲೆ ಎಲ್ಲರೂ ಆ ಗುರುತು ಒತ್ತತೊಡಗಿದರು. ಹರಳಿನ ಮೇಲೆ ಎಣ್ಣೆ ಬಿದ್ದ ನೀರಿನ ಬಣ್ಣಗಳು ಕಂಡರೆ ಅದು ಅರೋರಾ ಬೋರಿಯಾಲಿಸ್ ಲೇಪನ. ಸ್ವರೋವ್‌ಸ್ಕಿ ಎಂಬ ಹರಳಿನ ಕಂಪನಿ ಅದನ್ನು ಫ್ಯಾಶನ್ ಕಂಪನಿ ಡಿಯೋರ್ ಜೊತೆ ಸೇರಿ ತಂದದ್ದು 1956ರಲ್ಲಿ. ಹಾಗಾಗಿ ಅಂಥ ಹರಳಿನ ಬ್ರೋಚನ್ನು ಯಾರಾದರೂ 1920ರದ್ದು ಅಂದರೆ ನಂಬಬೇಡಿ.

‘ಸ್ಟರ್ಲಿಂಗ್’ ಎಂದು ಒತ್ತಿದ್ದರೆ ಅದು ಬೆಳ್ಳಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬೇರೆ ಲೋಹಗಳೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಅಮೆರಿಕದ ಅಗ್ಗದ ಒಡವೆಯವರು ಬೆಳ್ಳಿಯಲ್ಲೇ ಮಾಡಿದರು, ಮೇಲೆ ಚಿನ್ನದ ಪುಟ ಹಾಕಿದರು. ಅಮೆರಿಕದ ಒಡವೆ ವಿನ್ಯಾಸಕಿ ಮಿರಿಯಂ ಹ್ಯಾಸ್ಕೆಲ್ ಹೆಸರಿದ್ದರೆ, ಮುರಿದಿದ್ದರೂ ಸಂಗ್ರಹ ಮಾಡುವವರು ಕೊಳ್ಳುತ್ತಾರೆ. ಅವನ್ನೆಲ್ಲ ಪಕ್ಕಕ್ಕಿಡಿ.

ಕೊಳೆ ತುಂಬಾ ಇದೆ. ಸೋಪ್ ನೀರಲ್ಲಿ ನೆನೆಸಿಡಲಾ?

ಬೇಡ, ಖಂಡಿತ ಬೇಡ. ಹರಳು ಹೊಳೆಯುವುದು ಹಿಂದಿನ ಫಾಯಿಲ್‌ನಿಂದ. ನೀರು ಒಳಗಿಳಿದರೆ ಫಾಯಿಲ್ ಏಳುತ್ತದೆ, ಹರಳು ಕಪ್ಪಾಗುತ್ತದೆ ಇಲ್ಲವೇ ಹಳದಿ ತಿರುಗುತ್ತದೆ. ಹಾಗಾದ ಹರಳು ಮತ್ತೆ ಹೊಳೆಯುವುದಿಲ್ಲ.

ಒಣಗಿದ ಮೆತ್ತನೆ ಬ್ರಷ್‌ನಿಂದ ಮೊದಲು ಧೂಳು ತೆಗೆಯಿರಿ. ಆಮೇಲೆ ಹತ್ತಿಕಡ್ಡಿಯನ್ನು ಸೋಪಿನ ನೀರಲ್ಲಿ ಅದ್ದಿ, ಹಿಂಡಿ, ಲೋಹದ ಮೇಲೆ ಮಾತ್ರ ಆಡಿಸಿ. ಬ್ರೋಚನ್ನು ಬೋರಲು ಹಿಡಿದರೆ ತೇವ ಒಳಗೆ ಇಳಿಯುವುದಿಲ್ಲ. ಕೃತಕ ಮುತ್ತಿಗೆ ಸ್ಪಿರಿಟ್ಟಾಗಲಿ ನೇಲ್ ಪಾಲಿಶ್ ರಿಮೂವರ್ ಆಗಲಿ ತಾಗಿಸಬೇಡಿ, ಮೇಲಿನ ಪದರ ಕಿತ್ತು ಬರುತ್ತದೆ.

ಹಿಂದೆಲ್ಲ ಹಸಿರು ಕಿಲುಬು. ಕ್ಲೇ ಒಳಗೆ ಮುಚ್ಚಿಹೋಗುತ್ತಲ್ಲ, ಹಾಗೇ ಬಿಡಬಹುದಾ?

ಬಿಡಬಾರದು. ಕಿಲುಬಿನ ಮೇಲೆ ಅಂಟಿದ ಕ್ಲೇ ಲೋಹಕ್ಕೆ ಅಂಟಿದ ಹಾಗಲ್ಲ. ಕಿಲುಬು ಪುಡಿಯಾದಾಗ ಕ್ಲೇಯೂ ಅದರ ಜೊತೆ ಬಿಡುತ್ತದೆ. ಹಲ್ಲುಕಡ್ಡಿಯಿಂದ ಕೆರೆದು, ನಿಂಬೆರಸ ಅಥವಾ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಒದ್ದೆ ಬಟ್ಟೆಯಿಂದ ಮತ್ತೆ ಒರೆಸಿ, ಪೂರ್ತಿ ಒಣಗಿಸಿ.

ಬೂದು ಬಣ್ಣದ, ಗಾತ್ರಕ್ಕಿಂತ ಭಾರ ಅನ್ನಿಸುವ ಹಳೆ ಬ್ರೋಚುಗಳ ಲೋಹದಲ್ಲಿ ತವರದ ಜೊತೆ ಸೀಸವೂ ಇರಬಹುದು. ಹಳೆ ಗಾಜಿನ ಹರಳಿನಲ್ಲೂ ಸೀಸ ಇರುತ್ತದೆ. ಅವನ್ನು ಅರದಿಂದ ಉಜ್ಜಿ ಪುಡಿ ಮಾಡಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಕೊಡಬೇಡಿ.

ಹಿಂದಿನ ಪಿನ್ ಕಿತ್ತು ಹಾಕಬೇಕಾ?

ಕ್ಲೇಯಲ್ಲಿ ಸಮನಾಗಿ ಕೂರಬೇಕಾದರೆ ಉದ್ದನೆಯ ಸೂಜಿ ಮಾತ್ರ ಕತ್ತರಿಸಿ. ಅದರ ಬುಡ, ಕೊಕ್ಕೆ ಅಲ್ಲೇ ಇರಲಿ. ಕ್ಲೇ ಅವುಗಳ ಸುತ್ತ ಹೊಕ್ಕು ಗಟ್ಟಿಯಾದರೆ ಬ್ರೋಚ್ ಮೇಲಕ್ಕೆ ಏಳಲಾರದು. ಅಂಟಿನ ಹಿಡಿತಕ್ಕಿಂತ ಈ ಹಿಡಿತವೇ ದೊಡ್ಡದು. ಹಿಂಬದಿ ಪೂರ್ತಿ ನುಣುಪಾಗಿದ್ದರೆ ದಪ್ಪ ಸೂಜಿಯಿಂದ ಅಡ್ಡಾದಿಡ್ಡಿ ಗೀರು ಹಾಕಿ. ಕತ್ತರಿಸುವಾಗ ತುಂಡಿನ ಮೇಲೆ ಬೆರಳಿಟ್ಟಿರಿ. ಇಲ್ಲದಿದ್ದರೆ ಅದು ಹಾರುವುದು ಕಣ್ಣಿನ ಕಡೆಗೇ.

### ಕಲಸುವಾಗ

ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ವಾ?

ಪರವಾಗಿಲ್ಲ ಅನ್ನುವ ಹಾಗಿಲ್ಲ! ಪ್ಯಾಕೆಟ್ ಮೇಲೆ ಸಮಪಾಲು ಅಂದಿದ್ದರೆ ಸಮಪಾಲೇ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವವರು ಇದ್ದಾರೆ. ಬೇಗ ಗಟ್ಟಿಯಾಗುವುದಿಲ್ಲ, ಪೂರ್ತಿ ಗಟ್ಟಿಯಾಗುವುದೇ ಇಲ್ಲ. ರೆಸಿನ್ನಿನ ಪ್ರತಿ ಕೊಂಡಿಗೂ ಹಾರ್ಡನರಿನ ಒಂದು ಕೊಂಡಿ ಜೊತೆಯಾಗಬೇಕು. ಜೋಡಿ ಸಿಗದೆ ಉಳಿದದ್ದು ಕೊನೆವರೆಗೂ ಮೆತ್ತಗೆ ಉಳಿಯುತ್ತದೆ.

ಎರಡನ್ನೂ ಒಂದೇ ಗಾತ್ರದ ಉಂಡೆ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಚಪಾತಿ ಹಿಟ್ಟಿನ ಹಾಗೆ ಮಡಚಿ, ಒತ್ತಿ, ಎಳೆದು, ಮತ್ತೆ ಮಡಚಿ. ಮೊದಲು ಎರಡು ಬಣ್ಣದ ಗೆರೆಗಳು ಕಾಣುತ್ತವೆ. ಗೆರೆ ಸಣ್ಣದಾಗುತ್ತಾ ಹೋಗುತ್ತದೆ, ಒಂದು ಹೊತ್ತಿಗೆ ಕಾಣದಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಉಂಡೆಯನ್ನು ಎರಡಾಗಿ ಹರಿದು ಒಳಗೆ ನೋಡಿ. ಅಲ್ಲೂ ಗೆರೆ ಇಲ್ಲವೆಂದರೆ ಆಯಿತು. ಎರಡೂ ಭಾಗ ಒಂದೇ ಬಣ್ಣದ್ದಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆಗ ಐದು ನಿಮಿಷ ಗಡಿಯಾರ ನೋಡಿಕೊಂಡೇ ನಾದಿ.

ಒಂದು ಡಬ್ಬಿಯ ಮುಚ್ಚಳ ಇನ್ನೊಂದಕ್ಕೆ ಹಾಕಬೇಡಿ. ಅಂಚಿಗೆ ಮೆತ್ತಿದ ಚೂರು ಸಾಕು, ಮುಚ್ಚಳ ಅಂಟಿಕೊಂಡು ಡಬ್ಬಿಯೇ ತೆರೆಯದಾಗುತ್ತದೆ.

ಕೈಗವಸು ಹಾಕಿದ್ರೆ ಮಣಿ ಹಿಡಿಯೋಕೇ ಆಗಲ್ಲ. ಬರಿಗೈಯಲ್ಲಿ ಮಾಡಿದ್ರೆ ಏನಾಗುತ್ತೆ?

ಬಹಳ ಜನರಿಗೆ ಮೊದಮೊದಲು ಏನೂ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ಕಲಿಸುತ್ತದೆ. ಹಲವು ಸಲ ತಾಗಿದ ಮೇಲೆ ಒಂದು ದಿನ ಬೆರಳ ಸಂದಿಯಲ್ಲಿ ತುರಿಕೆ, ಕೆಂಪು ಗುಳ್ಳೆ. ಒಮ್ಮೆ ಬಂದ ಅಲರ್ಜಿ ಹೋಗುವುದಿಲ್ಲ. ಆಮೇಲೆ ಚೂರು ತಾಗಿದರೂ ಏಳುತ್ತದೆ, ಹವ್ಯಾಸವನ್ನೇ ಬಿಡಬೇಕಾಗುತ್ತದೆ.

ಕಲಸುವಾಗ ನೈಟ್ರೈಲ್ ಕೈಗವಸು ಹಾಕಿ. ಲೇಟೆಕ್ಸ್ ಇದಕ್ಕೆ ಅಷ್ಟು ತಡೆಯುವುದಿಲ್ಲ. ಮಣಿ ಕೂರಿಸುವಾಗ ಮೇಣದ ಕಡ್ಡಿ, ಚಿಮಟ ಇರುತ್ತದೆ, ಕ್ಲೇ ಮುಟ್ಟುವ ಅಗತ್ಯವೇ ಬರುವುದಿಲ್ಲ. ಚರ್ಮಕ್ಕೆ ತಾಗಿದ್ದನ್ನು ಸ್ಪಿರಿಟ್‌ನಿಂದ ಒರೆಸಬೇಡಿ. ಅದು ಒರೆಸುವುದಕ್ಕಿಂತ ಒಳಗೆ ಇಳಿಸುವುದೇ ಜಾಸ್ತಿ. ಸೋಪು, ನೀರು ಸಾಕು. ಕಿಟಕಿ ತೆಗೆದಿಡಿ.

ಪ್ಯಾಕೆಟ್ ಮೇಲೆ ಒಂದು ಟೈಮ್ ಬರೆದಿದ್ದಾರೆ, ನನಗೆ ಅರ್ಧ ಹೊತ್ತಿಗೇ ಗಟ್ಟಿಯಾಗುತ್ತೆ. ಯಾಕೆ?

ಆ ಸಮಯ ತಣ್ಣನೆ ಕೋಣೆಯ ಲೆಕ್ಕದ್ದು. ಶಾಖ ಹತ್ತು ಡಿಗ್ರಿ ಏರಿದರೆ ಎಪಾಕ್ಸಿಯ ವೇಗ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಅಪಾಕ್ಸಿ ಸ್ಕಲ್ಪ್ಟ್ ಒಂದರಿಂದ ಮೂರು ಗಂಟೆ ಕೊಡುತ್ತದೆ ಅನ್ನುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಕೂತು ಮೂರು ಗಂಟೆ ಕಾಯುತ್ತೇನೆಂದರೆ ಅದು ಕಾಯುವುದಿಲ್ಲ. ಬೆಳಿಗ್ಗೆ ಬೇಗ ಮಾಡಿ. ಒಂದೇ ಸಲ ದೊಡ್ಡ ಉಂಡೆ ಕಲಸಬೇಡಿ. ಗಟ್ಟಿಯಾಗುವಾಗ ಅದರೊಳಗೇ ಬಿಸಿ ಹುಟ್ಟುತ್ತದೆ, ಉಂಡೆ ದೊಡ್ಡದಾದಷ್ಟೂ ಆ ಬಿಸಿ ಒಳಗೇ ಉಳಿಯುತ್ತದೆ. ಬೇಕಾದಷ್ಟು, ನೆಲ್ಲಿಕಾಯಿ ಗಾತ್ರದ್ದು, ಸಾಕು.

ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಪೂರ್ತಿ ಬಲ ಬರಲು 24 ಗಂಟೆ ಬಿಡಿ.

### ಮಣಿ ಕೂರಿಸುವಾಗ

ಒಂದು ಪದಕ ಮಾಡೋದನ್ನ ಮೊದಲಿಂದ ಕೊನೆವರೆಗೂ ಹೇಳ್ತೀರಾ?

ಎಲೆಯಾಕಾರದ ಒಂದು ಬ್ರೋಚ್ ಇದೆ ಅಂದುಕೊಳ್ಳಿ. ತುದಿಯ ಎರಡು ಹರಳು ಇಲ್ಲ, ಪಿನ್ ಮುರಿದಿದೆ. ನಾಲ್ಕು ಸೆಂಟಿಮೀಟರಿನ ದುಂಡನೆ ಹಿತ್ತಾಳೆ ಬೇಸ್ ಇದೆ.

ಮೊದಲು ಬೇಸನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಆ ವೃತ್ತದೊಳಗೆ ಎಲೆ ಇಡಿ, ಸುತ್ತ ಮಣಿ ಜೋಡಿಸಿ. ನಟ್ಟನಡುವೆ ಇಡಬೇಡಿ, ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ, ಚೆನ್ನಾಗಿರುತ್ತದೆ. ದೊಡ್ಡ ಮಣಿ ಮೊದಲು, ನಡುವಿನದು ಆಮೇಲೆ, ಕೊನೆಗೆ ಸಂದಿಗೆ ಚಿಕ್ಕವು. ಒಪ್ಪಿಗೆಯಾದ ಮೇಲೆ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ನೋಡಿದಾಗ ಒಂದಾದರೂ ಬದಲಾಯಿಸಬೇಕು ಅನ್ನಿಸುತ್ತದೆ.

ಈಗ ಬೇಸಿನ ಒಳಗೆ ಗೀರು ಹಾಕಿ, ಸ್ಪಿರಿಟ್‌ನಿಂದ ಒರೆಸಿ. ಕ್ಲೇ ಕಲಸಿ. ಬೇಸಿಗೆ ಹಾಕಿ ಮೂಲೆಗಳಿಗೆ ಒತ್ತಿ, ಅಂಚಿಗಿಂತ ಚೂರು ಕೆಳಗೇ ನಿಲ್ಲಿಸಿ. ಬ್ರೋಚ್, ಮಣಿ ಒಳಗಿಳಿದಾಗ ಕ್ಲೇ ಮೇಲಕ್ಕೆ ಬರುತ್ತದಲ್ಲ, ಅದಕ್ಕೆ ಜಾಗ ಬೇಕು. ಬ್ರೋಚಿನ ಹಿಂದಿನ ಗುಳಿಗೂ ಸ್ವಲ್ಪ ಕ್ಲೇ ತುಂಬಿ, ಆಮೇಲೆ ಕೂರಿಸಿ ಒತ್ತಿ. ಗಾಳಿ ಸಿಕ್ಕಿಕೊಂಡರೆ ಅಲ್ಲಿ ಹಿಡಿತ ಇರುವುದಿಲ್ಲ.

ಎಲೆಯ ಅಂಚಿಗೆ ಒಂದು ಸಾಲು ಚಿಕ್ಕ ಮಣಿ. ಇದು ಲೋಹಕ್ಕೂ ಕ್ಲೇಗೂ ನಡುವಿನ ಒರಟು ಸಂದನ್ನು ಮುಚ್ಚುತ್ತದೆ. ಆಮೇಲೆ ದೊಡ್ಡ ಹರಳು. ಮೇಣದ ಕಡ್ಡಿಯಿಂದ ಎತ್ತಿ, ಜಾಗದಲ್ಲಿಟ್ಟು, ಕಡ್ಡಿ ಬಿಡಿಸಿ, ಹರಳಿನ ಮೇಲ್ಮುಖವನ್ನು ಬೇರೆ ಕಡ್ಡಿಯ ಚಪ್ಪಟೆ ತುದಿಯಿಂದ ನೇರ ಕೆಳಗೆ ತಳ್ಳಿ. ಹರಳಿನ ನಡು, ಅಂದರೆ ಅತಿ ಅಗಲ ಇರುವ ಭಾಗ, ಕ್ಲೇ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಯಬೇಕು. ಆಗ ಸುತ್ತ ಕ್ಲೇಯ ಸಣ್ಣ ಅಂಚು ಏಳುತ್ತದೆ. ಹರಳನ್ನು ಹಿಡಿಯುವುದು ಆ ಅಂಚೇ. ಹರಳು ಉದುರಿದ ಎರಡು ಗುಂಡಿಗೂ ಚೂರು ಕ್ಲೇ ಇಟ್ಟು ಬೇರೆ ಬಣ್ಣದ ಹರಳೇ ಕೂರಿಸಿ. ಅದೇ ಬಣ್ಣ ಹುಡುಕಿ ಸುಸ್ತಾಗಬೇಡಿ, ಹೊಂದುವುದೇ ಇಲ್ಲ.

ಹರಳಿನ ಮೇಲೆ ಮಸುಕಾಗಿ ಮೆತ್ತಿದ ಕ್ಲೇಯನ್ನು ಸ್ಪಿರಿಟ್ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಅವತ್ತೇ ಒರೆಸಿ. ನಾಳೆಗೆ ಬಿಟ್ಟರೆ ಹೋಗುವುದಿಲ್ಲ. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಜಿಡ್ಡು ಬಿಡುತ್ತದೆ. ಮೇಲೊಂದು ಡಬ್ಬಿ ಬೋರಲು ಹಾಕಿ ಮಾರನೇ ದಿನದವರೆಗೆ ಮುಟ್ಟಬೇಡಿ.

ಒಂದು ವಾರಕ್ಕೇ ಮಣಿ ಉದುರ್ತಾ ಇದೆ. ಫೆವಿಕ್ವಿಕ್ ಹಾಕಿ ಅಂಟಿಸಲಾ?

ಫೆವಿಕ್ವಿಕ್ ಒಣಗುವಾಗ ಅದರ ಆವಿ ಅಕ್ಕಪಕ್ಕದ ಹರಳಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಬೇಡ. ಉದುರಿದ ಗುಂಡಿಯನ್ನು ಸೂಜಿಯಿಂದ ಕೆರೆದು, ಸಾಸಿವೆ ಕಾಳಿನಷ್ಟು ಹೊಸ ಕ್ಲೇ ಇಟ್ಟು ಮಣಿ ಒತ್ತಿ.

ಉದುರುವುದಕ್ಕೆ ಕಾರಣ ಬಹುಪಾಲು ಒಂದೇ: ಮಣಿ ಅರ್ಧಕ್ಕಿಂತ ಮೇಲೇ ಇದೆ. ದುಂಡು ಮಣಿ ಅರ್ಧ ದಾಟಿ ಇಳಿಯಬೇಕು. ಅದರ ತೂತು ಪಕ್ಕಕ್ಕೆ ಬರುವ ಹಾಗೆ ಮಲಗಿಸಿದರೆ ಇನ್ನೂ ಒಳ್ಳೆಯದು, ಕ್ಲೇ ತೂತಿನೊಳಗೆ ಹೊಕ್ಕು ಹಿಡಿಯುತ್ತದೆ. ಕ್ಲೇ ಬಿಗಿಯಲು ಶುರುವಾದ ಮೇಲೆ ಒತ್ತಿದ ಮಣಿಗಳೂ ಉದುರುತ್ತವೆ. ಆ ಹೊತ್ತಿಗೆ ಅದು ಮಣಿಗೆ ಜಾಗ ಕೊಡುತ್ತದೆ ಅಷ್ಟೇ, ಅಂಟಿಕೊಳ್ಳುವುದಿಲ್ಲ.

ಯಾವ ಮಣಿ ತಗೊಳ್ಳೋದು? ಅಂಗಡೀಲಿ 8/0, 11/0 ಅಂತೆಲ್ಲ ಹೇಳ್ತಾರೆ.

ಸಂಖ್ಯೆ ದೊಡ್ಡದಾದಷ್ಟೂ ಮಣಿ ಚಿಕ್ಕದು. 8/0 ಸುಮಾರು ಮೂರು ಮಿಲಿಮೀಟರ್, 11/0 ಸುಮಾರು ಎರಡು, 15/0 ಒಂದೂವರೆ. ಶುರುವಿಗೆ 8 ಮತ್ತು 11 ಸಾಕು. ಜೆಕ್ ದೇಶದ ಮಣಿಗಳು, ಅದರಲ್ಲೂ ಯಾಬ್ಲೊನೆಟ್ಸ್ ಕಡೆಯವು, ಒಂದಕ್ಕೊಂದು ಚೂರು ವ್ಯತ್ಯಾಸ ಇರುತ್ತವೆ. ಜಪಾನಿನ ಮಿಯುಕಿ, ತೋಹೊ ಎಲ್ಲ ಒಂದೇ ಅಳತೆ. ಹೊಲಿಗೆಗೆ ಜಪಾನಿನದು ಚೆಂದ. ಕ್ಲೇಗೆ ನಾನು ಜೆಕ್ ಮಣಿಯನ್ನೇ ಇಷ್ಟಪಡುತ್ತೇನೆ, ಆ ಏರುಪೇರು ಹಳೆ ಬ್ರೋಚಿನ ಪಕ್ಕ ಹೊಂದುತ್ತದೆ. ನಮ್ಮ ಕರಿಮಣಿಯೂ ಗಾಜಿನದ್ದಾದರೆ ಚೆನ್ನಾಗಿ ಕೂರುತ್ತದೆ. ಹರಿದ ಕರಿಮಣಿ ಸರದ ಉಳಿದ ಮಣಿಗಳನ್ನು ಬಿಸಾಡಬೇಡಿ.

ಪಾರದರ್ಶಕ ಮಣಿಯ ಬಣ್ಣ ಅದರ ಕೆಳಗಿನ ಕ್ಲೇಯಿಂದ ಬದಲಾಗುತ್ತದೆ. ಬಿಳಿ ಕ್ಲೇ ಮೇಲೆ ತಿಳಿಯಾಗುತ್ತದೆ, ಕಪ್ಪಿನ ಮೇಲೆ ಸತ್ತೇ ಹೋಗುತ್ತದೆ. ಒಳಗೆ ಬೆಳ್ಳಿ ಲೇಪ ಇರುವ ಮಣಿಗೆ ಈ ತೊಂದರೆ ಕಡಿಮೆ. ಬಣ್ಣ ಬಿಡುತ್ತದೋ ನೋಡಲು ಒಂದು ಮಣಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಆ ಮಣಿ ಬೇಡ.

ಸರ ಹಾಕೋಕೆ ಕೊಂಡಿ ಎಲ್ಲಿ ಇಡೋದು?

ಬೇಸಿಗೆ ಕಿವಿ ಇಲ್ಲದಿದ್ದರೆ, ಕ್ಲೇ ಮೆತ್ತಗಿರುವಾಗಲೇ ತಂತಿಯ ಕೊಂಡಿ ಹೂಳಿ. ಒಳಗೆ ಹೋಗುವ ಭಾಗ ನೇರ ಇರಬಾರದು, ಇಕ್ಕಳದಿಂದ ಡೊಂಕು ಮಾಡಿ. ನೇರ ತಂತಿ ಒಂದು ದಿನ ಸುರಕ್ಕನೆ ಹೊರಗೆ ಬರುತ್ತದೆ. ಮರೆತಿದ್ದರೆ ಗಟ್ಟಿಯಾದ ಮೇಲೆ ಒಂದು ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ನಿಧಾನಕ್ಕೆ ಕೊರೆಯಬಹುದು. ಅಂಚಿನಿಂದ ಮೂರು ಮಿಲಿಮೀಟರಾದರೂ ಒಳಗಿರಲಿ.

### ಕೈಕೊಟ್ಟಾಗ

ಎರಡು ದಿನ ಆಯ್ತು, ಇನ್ನೂ ಅಂಟಂಟಾಗಿದೆ. ಬಿಸಿಲಿಗೆ ಇಡಲಾ?

ಮೊದಲು ಉಗುರಿನಿಂದ ಒತ್ತಿ. ಉಗುರು ಇಳಿಯದೆ ಮೇಲೆ ಮಾತ್ರ ಜಿಡ್ಡಿದ್ದರೆ ಗಾಬರಿ ಬೇಡ. ತೇವದ ಗಾಳಿಯಲ್ಲಿ ಕೆಲವು ಹಾರ್ಡನರ್‌ಗಳು ಮೇಲ್ಮೈಗೆ ಮೇಣದಂಥ ಪದರ ಬಿಡುತ್ತವೆ. ಮಂಗಳೂರಿನ ಮಳೆಗಾಲದಲ್ಲಿ ಇದು ಮಾಮೂಲು. ಸೋಪು ನೀರಿನ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಬಣ್ಣ ಹಚ್ಚುವುದಿದ್ದರೆ ಇದನ್ನು ತೆಗೆದೇ ಹಚ್ಚಬೇಕು.

ಉಗುರು ಇಳಿದರೆ ಅಳತೆ ತಪ್ಪಿದೆ, ಇಲ್ಲವೇ ನಾದಿದ್ದು ಸಾಲದು. ಬಿಸಿಲಿಗಿಟ್ಟರೂ ಅಷ್ಟೇ, ಫ್ರಿಜ್ಜಿಗಿಟ್ಟರೂ ಅಷ್ಟೇ. ಕೆರೆದು ತೆಗೆದು ಹೊಸದು ಹಾಕುವುದೊಂದೇ ದಾರಿ. ಮೆತ್ತಗಿರುವುದರಿಂದ ಬ್ರೋಚ್, ಮಣಿ ಎಲ್ಲ ವಾಪಸ್ ಸಿಗುತ್ತದೆ.

ಬಿಳಿ ಕ್ಲೇ ಹಳದಿ ಆಗಿಬಿಟ್ಟಿದೆ. ಹೋಗುತ್ತಾ?

ಹೋಗುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಯಾಗುತ್ತದೆ, ಅದರ ಗುಣವೇ ಅಂಥದ್ದು. ಕಾಣುವ ಕ್ಲೇಗೆ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಿ. ಮುಂದಿನ ಸಲ ಕಡು ಬಣ್ಣ ತಗೊಳ್ಳಿ. ಇಲ್ಲವೇ ಮೆತ್ತಗಿರುವಾಗಲೇ ಚಿನ್ನದ ಬಣ್ಣದ ಮೈಕಾ (ಅಭ್ರಕ) ಪುಡಿಯನ್ನು ಒಣ ಬ್ರಷ್‌ನಿಂದ ಸವರಿ. ಪುಡಿ ಅಂಟಿಕೊಂಡೇ ಗಟ್ಟಿಯಾಗುತ್ತದೆ, ಹಳೆ ಗಿಲೀಟಿನ ಪಕ್ಕ ಚೆನ್ನಾಗಿಯೂ ಕಾಣುತ್ತದೆ. ನೀರಿನಂಥ ಬಣ್ಣವನ್ನು ಕ್ಲೇಗೇ ಕಲಸಬೇಡಿ, ಬಲ ಕಡಿಮೆಯಾಗುತ್ತದೆ.

ಅಂಚು ಒರಟಾಗಿದೆ, ಉಜ್ಜಬಹುದಾ?

ಉಜ್ಜಬಹುದು, ಆದರೆ ಒದ್ದೆ ಮಾಡಿಕೊಂಡು. 400, 800, 1200 ನಂಬರಿನ ವಾಟರ್ ಪೇಪರ್ ಸಾಲಾಗಿ. ಒಣದಾಗಿ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎನ್95 ಮಾಸ್ಕ್ ಇರಲಿ. ಹರಳಿನ ಹತ್ತಿರ ಹೋಗಬೇಡಿ. ಇದಕ್ಕಿಂತ, ಮೆತ್ತಗಿರುವಾಗಲೇ ಒದ್ದೆ ಬ್ರಷ್‌ನಿಂದ ಅಂಚು ಸವರಿದರೆ ಉಜ್ಜುವ ಕೆಲಸವೇ ಇರುವುದಿಲ್ಲ.

### ಕೈ ಪಳಗಿದ ಮೇಲೆ

ಓಲೆ ಮಾಡಿದೆ, ಕಿವಿ ಜಗ್ಗುತ್ತೆ. ಹಗುರ ಮಾಡೋದು ಹೇಗೆ?

ನಾಲ್ಕು ಸೆಂಟಿಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗೆ ಬರೀ ಕ್ಲೇಯೇ ಆರೇಳು ಗ್ರಾಂ. ಬ್ರೋಚು, ಗಾಜು ಸೇರಿದರೆ ಅದರ ಎರಡರಷ್ಟು. ಪದಕಕ್ಕೆ ಇದು ಏನೂ ಅಲ್ಲ, ಕಿವಿಗೆ ಜಾಸ್ತಿ. ಓಲೆಗೆ ಬ್ರೋಚೇ ಬೇಡ, ಅದರಿಂದ ಬಿಡಿಸಿದ ಒಂದು ಹೂವು, ಒಂದು ಎಲೆ ಸಾಕು. ಬೇಸ್ ಇಲ್ಲದೆ ಜಾಲರಿ ತಗಡಿನ ಮೇಲೆ ತೆಳುವಾಗಿ ಕ್ಲೇ ಹಚ್ಚಿ. ಕ್ಲೇ ಜಾಲರಿಯ ತೂತಿನಲ್ಲಿ ಹೊಕ್ಕು ಹಿಡಿಯುವುದರಿಂದ ದಪ್ಪ ಬೇಕಾಗುವುದಿಲ್ಲ.

ಕಡಗದ ಮೇಲೆ ಮಾಡೋಕೆ ಹೋದ್ರೆ ಎಲ್ಲ ಜಾರಿ ಕೆಳಗೆ ಬರುತ್ತೆ.

ಒಂದೇ ಸಲ ಮಾಡಬೇಡಿ. ಮೇಲಿನ ಮೂರನೇ ಒಂದು ಭಾಗ ಮೊದಲು. ಕಡಗವನ್ನು ಅಕ್ಕಿ ತುಂಬಿದ ಬಟ್ಟಲಲ್ಲಿ ನಿಲ್ಲಿಸಿ, ಕೆಲಸದ ಭಾಗ ಮೇಲೆ ಬರುವ ಹಾಗೆ. ಆ ಅಕ್ಕಿ ಆಮೇಲೆ ಅಡುಗೆಗೆ ಬೇಡ. ಗಟ್ಟಿಯಾದ ಮೇಲೆ ತಿರುಗಿಸಿ ಪಕ್ಕದ ಭಾಗ. ಹಳೆ ಕ್ಲೇಯ ಅಂಚಿಗೆ ಗೀರು ಹಾಕಿ ಹೊಸದನ್ನು ಸೇರಿಸಿ, ಆ ಜೋಡಣೆಯ ಮೇಲೆ ಒಂದು ಸಾಲು ಮಣಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಚಪ್ಪಟೆ, ಗಡಸು ಬ್ರೋಚನ್ನು ಬಾಗಿಸಲು ಹೋಗಬೇಡಿ. ಎರಕದ ಲೋಹ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಕೆಳಗಿನ ಸಂದಿಗೆ ಕ್ಲೇ ತುಂಬಿದರಾಯಿತು.

ಅಗಲ ಬಿಚ್ಚಿ ಹಾಕುವ ಕಡಗ ಆದರೆ ಹಿಗ್ಗುವ ಭಾಗಕ್ಕೆ ಕ್ಲೇ ಹಚ್ಚಬೇಡಿ, ಬಿರುಕು ಬಿಡುತ್ತದೆ.

ಕ್ಲೇ ಪದಕದ ಸುತ್ತ ಸೂಜಿ ದಾರದಲ್ಲಿ ಮಣಿ ಹೆಣೆಯೋಕೆ ಆಗುತ್ತಾ?

ಆಗುತ್ತದೆ, ಅಲ್ಲೇ ಈ ಕೆಲಸ ಪೂರ್ತಿ ಚೆಂದ ಆಗುವುದು. ಬೇಸ್ ಇಲ್ಲದೆ ಬಟರ್ ಪೇಪರ್ ಮೇಲೆ ಕ್ಲೇ ತಟ್ಟಿ ಪದಕ ಮಾಡಿ, ಗಟ್ಟಿಯಾದ ಮೇಲೆ ದಪ್ಪ ಫೆಲ್ಟಿಗೆ (ಎಳೆ ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಅಂಟಿಸಿ. ಅಂಚಿಗೆ ತಾಗಿದಂತೆ 11/0 ಮಣಿಯ ಒಂದು ಸುತ್ತು ಫೆಲ್ಟಿಗೆ ಹೊಲಿಯಿರಿ, ಒಟ್ಟು ಮಣಿ ಸಮಸಂಖ್ಯೆ ಬರಲಿ. ಅದರ ಮೇಲೆ ಪೆಯೋಟೆ ಹೊಲಿಗೆಯಲ್ಲಿ ಒಂದು ಮಣಿ ಬಿಟ್ಟು ಒಂದರಂತೆ ಮೇಲೇರಿಸಿ. ಕೊನೆಯ ಎರಡು ಸುತ್ತಿಗೆ 15/0 ಹಾಕಿದರೆ ಗೋಡೆ ತಾನಾಗಿ ಒಳಗೆ ಬಾಗಿ ಪದಕವನ್ನು ಹಿಡಿಯುತ್ತದೆ. ಸೂಜಿ 10 ಅಥವಾ 12ನೇ ನಂಬರಿನದು. ದಾರ ನೈಲಾನಿನದು, ಹತ್ತಿ ದಾರವನ್ನು ಗಾಜಿನ ಅಂಚು ಕತ್ತರಿಸುತ್ತದೆ.

ಇದಕ್ಕಾಗಿ ಪದಕದ ಅಂಚನ್ನು ಕ್ಲೇ ಹಂತದಲ್ಲೇ ಮೇಲಕ್ಕೆ ಚೂರು ಕಿರಿದಾಗಿ ಇಳಿಜಾರು ಮಾಡಿರಬೇಕು. ಆಮೇಲೆ ಮಾಡಲು ಬರುವುದಿಲ್ಲ.

### ಹಾಕಿಕೊಳ್ಳುವಾಗ, ಮಾರುವಾಗ

ಪದಕ ಹಾಕಿದ್ರೆ ಕುತ್ತಿಗೆ ತುರಿಸುತ್ತೆ. ಕ್ಲೇಯಿಂದಾನಾ?

ಪೂರ್ತಿ ಗಟ್ಟಿಯಾದ ಕ್ಲೇಯಿಂದ ಸಾಮಾನ್ಯವಾಗಿ ಅಲ್ಲ. ಅನುಮಾನ ಪಡಬೇಕಾದದ್ದು ನಿಕ್ಕಲ್. ಹಳೆ ಬ್ರೋಚಿನ ಪುಟದ ಕೆಳಗೆ, ಅಗ್ಗದ ಸರಪಳಿಯಲ್ಲಿ ಅದು ಇರುತ್ತದೆ. ಯುರೋಪಿನಲ್ಲಿ ಚರ್ಮಕ್ಕೆ ತಾಗುವ ಒಡವೆಯಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂಗಿಂತ ಜಾಸ್ತಿ ನಿಕ್ಕಲ್ ಬಿಡುಗಡೆಯಾಗಬಾರದು ಎಂಬ ನಿಯಮವೇ ಇದೆ. ನಮ್ಮ ಹಳೆ ಸಾಮಾನಿಗೆ ಆ ಗ್ಯಾರಂಟಿ ಇಲ್ಲ. ಹಿಂಬದಿಗೆ ಫೆಲ್ಟ್ ಅಥವಾ ಚರ್ಮದ ತುಂಡು ಅಂಟಿಸಿ, ಸರವನ್ನು ಸ್ಟೀಲಿನದ್ದೋ ರೇಷ್ಮೆ ದಾರದ್ದೋ ಮಾಡಿ.

ಹೇಗೆ ಜೋಪಾನ ಮಾಡೋದು?

ಸ್ನಾನಕ್ಕೆ, ಈಜಿಗೆ, ಒಲೆ ಮುಂದೆ ಬೇಡ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಜಾಸ್ತಿ ಕಾದರೆ ಎಪಾಕ್ಸಿ ಮೆತ್ತಗಾಗುತ್ತದೆ. ಸೆಂಟು ಹೊಡೆದುಕೊಂಡ ಮೇಲೆ ಹಾಕಿ, ಮುಂಚೆ ಅಲ್ಲ. ಬೇರೆ ಬೇರೆ ಬಟ್ಟೆಯ ಚೀಲದಲ್ಲಿಡಿ. ಸೆಲ್ಯುಲಾಯ್ಡ್ ಇರುವ ಹಳೆ ಬ್ರೋಚನ್ನು (ಅದು ಹಳೆ ಕಾಲದ ಒಂದು ಪ್ಲಾಸ್ಟಿಕ್, ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ) ಉಳಿದವುಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಹಳತಾದಂತೆ ಅದರಿಂದ ಬರುವ ಆಮ್ಲದ ಆವಿ ಪಕ್ಕದ ಲೋಹ ತಿನ್ನುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ, ಆದ್ದರಿಂದ ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಸಾಹಸ ಬೇಡವೇ ಬೇಡ.

ಮಾರಬಹುದಾ? ಬ್ರೋಚಿನ ಕಂಪನಿ ಹೆಸರು ಹಾಕಬಹುದಾ?

ಕೊಂಡ ವಸ್ತುವನ್ನು ಬಳಸಿ ಮಾಡಿ ಮಾರುವುದು ಬೇರೆ, ಅದು ಆ ಕಂಪನಿಯ ಒಡವೆ ಅನ್ನಿಸುವ ಹಾಗೆ ಮಾರುವುದು ಬೇರೆ. ‘ಹಳೆ ಬ್ರೋಚಿನಿಂದ ನಾನು ಮಾಡಿದ್ದು’ ಅಂತ ಬರೆಯಿರಿ, ಕಂಪನಿ ಹೆಸರನ್ನು ತಲೆಬರಹಕ್ಕೆ ಎಳೆಯಬೇಡಿ. ದುಬಾರಿ ಬ್ರಾಂಡಿನ ಲೋಗೊ ಇರುವ ಬಟ್ಟೆಯ ಗುಂಡಿಯಂತೂ (ಬಟನ್) ಬೇಡ. ಅಂಥ ಗುಂಡಿಗಳಿಂದ ಒಡವೆ ಮಾಡಿ ಮಾರುತ್ತಿದ್ದವರ ಮೇಲೆ ಶನೆಲ್ ಕಂಪನಿ 2021ರಲ್ಲಿ ನ್ಯೂಯಾರ್ಕಿನಲ್ಲಿ ಕೇಸು ಹಾಕಿತ್ತು.

ದಂತದ ಬ್ರೋಚ್ ಮಾರುವುದು ನಮ್ಮಲ್ಲಿ ಅಪರಾಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ. ದಂತವೋ ಪ್ಲಾಸ್ಟಿಕ್ಕೋ ಗೊತ್ತಾಗದಿದ್ದರೆ ಅಡ್ಡ ಕೊಯ್ದ ಮುಖ ನೋಡಿ. ಆನೆದಂತದಲ್ಲಿ ಒಂದನ್ನೊಂದು ಕತ್ತರಿಸುವ ಬಲೆಯಂಥ ಗೆರೆಗಳಿರುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಇದ್ದರೂ ಸಮಾನಾಂತರ ಗೆರೆಗಳಷ್ಟೇ. ನೂರು ವರ್ಷ ದಾಟಿದ ಕಲಾವಸ್ತುವನ್ನು ಹೊರದೇಶಕ್ಕೆ ಕಳಿಸಲೂ ಕಾನೂನಿನ ತಡೆ ಇದೆ. ವಿದೇಶದ ಗಿರಾಕಿಗೆ ಅಂಚೆಯಲ್ಲಿ ಹಾಕುವ ಮುಂಚೆ ಬ್ರೋಚಿನ ವಯಸ್ಸು ನೋಡಿಕೊಳ್ಳಿ.